ನಾರಿನ ಜೊತೆ ಚೀಟಿಯೂ ಬರಲಿ

ಮಾನ್ಯ ಸಂಪಾದಕರೇ,

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆ ಟೊಮೆಟೊ ತೋಟಕ್ಕೆ ಬಿಂಗಿ ರೋಗ (ಎಲೆ ಮುಟುರು ರೋಗ) ಬಿದ್ದಾಗಲೆಲ್ಲ ಎರಡೇ ಮಾತು ಕೇಳಿಬರುತ್ತವೆ. ಒಂದು, ಬೀಜ ಸರಿಯಿಲ್ಲ. ಇನ್ನೊಂದು, ಅಂಗಡಿಯವರು ಕೊಟ್ಟ ಔಷಧಿ ಕೆಲಸ ಮಾಡಲಿಲ್ಲ. ಬೀಜಕ್ಕೂ ತೋಟಕ್ಕೂ ನಡುವೆ ನಾರು (ಸಸಿ) ನರ್ಸರಿಯಲ್ಲಿ ಕಳೆದ 21ರಿಂದ 25 ದಿನಗಳ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಗಿಡದ ಆರೋಗ್ಯದ ಅರ್ಧ ಭಾಗ ತೀರ್ಮಾನವಾಗುವುದು ಆ ದಿನಗಳಲ್ಲೇ. ನರ್ಸರಿ ಕೆಲಸವನ್ನೇ ನಂಬಿ ಬದುಕುವ ನಾವು ಈ ಪತ್ರ ಬರೆಯುತ್ತಿರುವುದು ನಾರು ಬೆಳೆಸುವವರಿಗೂ ಕೊಳ್ಳುವವರಿಗೂ ನೇರವಾಗಿ ಉಪಯೋಗಕ್ಕೆ ಬರಲಿ ಎಂದು. ಮಾರುವ ನಾರಿನ ಜೊತೆ ಅದರ ತಳಿ, ಬಿತ್ತಿದ ದಿನಾಂಕ, ಕೊಟ್ಟ ಔಷಧಿ ಬರೆದ ಚೀಟಿಯೂ ಇರಬೇಕೆಂಬುದು ನಮ್ಮ ಕೋರಿಕೆ.

ಮೊದಲು ಬಿಂಗಿ ರೋಗದ ಲೆಕ್ಕ. ಎಲೆ ಮುಟುರು ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿ ನೊಣ. ವೈರಸ್ ಒಳಗೆ ಸೇರಿದ ಮೇಲೆ ಲಕ್ಷಣ ಕಣ್ಣಿಗೆ ಬೀಳಲು ಸಾಮಾನ್ಯವಾಗಿ ಎರಡರಿಂದ ಮೂರು ವಾರ ಬೇಕು. ಹಾಗಾಗಿ ನಾಟಿಯಾದ 10–15 ದಿನದೊಳಗೇ ಕುಡಿ ಎಲೆ ಚಿಕ್ಕದಾಗಿ, ಅಂಚು ಮೇಲಕ್ಕೆ ಮಡಚಿ, ಗಿಡ ಕುಳ್ಳಗೆ ನಿಂತರೆ ಸೋಂಕು ಬಹುಮಟ್ಟಿಗೆ ನರ್ಸರಿಯಿಂದಲೇ ಬಂದಿದೆ. ತಿಂಗಳು ಕಳೆದು ಅಲ್ಲೊಂದು ಇಲ್ಲೊಂದು ಗಿಡ ಮುಟುರಿದರೆ ಅದು ತೋಟದಲ್ಲಿ ಅಂಟಿದ್ದು. ಟ್ರೇಯಲ್ಲಿ ಹಸಿರಾಗಿ, ಎದ್ದು ನಿಂತಂತೆ ಕಾಣುವ ನಾರು ರೋಗವಿಲ್ಲದ ನಾರು ಎಂದು ಹೇಳಲು ಬರುವುದೇ ಇಲ್ಲ. ನಂಬಬೇಕಾದದ್ದು ಎಲೆಯ ಬಣ್ಣವನ್ನಲ್ಲ, ಅದು ಬೆಳೆದ ಮನೆಯ ಕಟ್ಟುಪಾಡನ್ನು.

ಆ ಕಟ್ಟುಪಾಡು ಬಾಗಿಲಿನಿಂದ ಶುರುವಾಗುತ್ತದೆ. ಬಿಳಿ ನೊಣ ತಡೆಯಲು ಇಂಚಿಗೆ 40ರಿಂದ 50 ಕಣ್ಣಿರುವ, ಅಂದರೆ 40ರಿಂದ 50 ಮೆಶ್‌ನ ಕೀಟ ತಡೆ ಬಲೆ ಬೇಕು. ಬರೀ ಶೇ 50ರ ಶೇಡ್‌ನೆಟ್ ಬಿಸಿಲನ್ನು ಕಡಿಮೆ ಮಾಡುತ್ತದೆಯೇ ಹೊರತು ನೊಣವನ್ನು ತಡೆಯುವುದಿಲ್ಲ. ನೆರಳು ಬಲೆ ಕಟ್ಟಿ ‘ನೆಟ್‌ಹೌಸ್ ಇದೆ’ ಎನ್ನುವ ನರ್ಸರಿಗಳು ನಮ್ಮ ಜಿಲ್ಲೆಗಳಲ್ಲಿ ಈಗಲೂ ಉಂಟು. ಬಲೆ ಸಣ್ಣದಾದಷ್ಟೂ ಗಾಳಿ ಕಡಿಮೆ, ಮಾರ್ಚ್–ಏಪ್ರಿಲ್‌ನಲ್ಲಿ ಒಳಗಿನ ಕಾವು ಏರುತ್ತದೆ. ಅದಕ್ಕೆ ಪರಿಹಾರ ಬಲೆಯನ್ನು ಮೇಲೆತ್ತಿ ಕಟ್ಟುವುದಲ್ಲ, ಮನೆಯ ಎತ್ತರ ಹೆಚ್ಚಿಸಿ ಪಕ್ಕದ ಬಲೆಯ ವಿಸ್ತಾರ ಹೆಚ್ಚಿಸುವುದು. ಬಾಗಿಲು ಎರಡು ಇರಬೇಕು, ನಡುವೆ ಕನಿಷ್ಠ ಆರೇಳು ಅಡಿ ಅಂತರ ಬೇಕು, ಎರಡೂ ಏಕಕಾಲಕ್ಕೆ ತೆರೆಯಬಾರದು. ಟ್ರೇ ತುಂಬಿದ ಗಾಡಿ ಒಳಗೆ ಬರುವಾಗ ಎರಡೂ ಬಾಗಿಲಿಗೆ ಕಲ್ಲು ಒತ್ತಿಟ್ಟು ಬಿಡುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಗಾಡಿಯ ಉದ್ದಕ್ಕಿಂತ ಬಾಗಿಲ ನಡುವಿನ ಜಾಗ ಕಡಿಮೆಯಿದ್ದರೆ ಹಾಗೇ ಆಗುತ್ತದೆ. ಕೆಲಸಗಾರರನ್ನು ಬೈದು ಪ್ರಯೋಜನವಿಲ್ಲ, ಜಾಗ ಉದ್ದ ಮಾಡಬೇಕು.

ಹಳದಿ ಅಂಟು ಕಾರ್ಡನ್ನು ನೊಣ ಹಿಡಿದು ಕೊಲ್ಲುವ ಸಾಧನ ಎಂದುಕೊಂಡವರೇ ಹೆಚ್ಚು. ಅದರ ನಿಜವಾದ ಉಪಯೋಗ ದಾರಿ ಹುಡುಕುವುದು. ಗಿಡದ ತುದಿಗಿಂತ ಸ್ವಲ್ಪ ಮೇಲೆ, ಬಾಗಿಲ ಬಳಿ, ದೂರದ ಮೂಲೆಗಳಲ್ಲಿ, ನಡುವೆ ಹೀಗೆ ನೇತುಹಾಕಿ ವಾರಕ್ಕೆ ಎರಡು ಸಲ ಎಣಿಸಿ, ಕಾರ್ಡಿನ ಹಿಂಬದಿ ಬರೆದಿಡಬೇಕು. ಬಾಗಿಲ ಬಳಿಯ ಕಾರ್ಡಿಗೆ ಹೆಚ್ಚು ಬಿದ್ದಿದ್ದರೆ ದೋಷ ಬಾಗಿಲಿನದು. ಮೂಲೆಯಲ್ಲಿ ಹೆಚ್ಚಿದ್ದರೆ ಅಲ್ಲೆಲ್ಲೋ ಬಲೆ ಹರಿದಿದೆ, ಹೆಚ್ಚಾಗಿ ನೆಲಕ್ಕೆ ಹೂತ ಅಂಚಿನಲ್ಲಿ. ನಡುಮಧ್ಯದಲ್ಲಿ ಹೆಚ್ಚಿದ್ದರೆ ನೊಣ ಒಳಗೇ ಮರಿ ಮಾಡಿದೆ ಎಂದರ್ಥ. ಆಗ ಎಲೆಯ ಅಡಿ ತಿರುಗಿಸಿ ಮರಿ ನೋಡಬೇಕು, ಅಂಥ ಟ್ರೇಗಳನ್ನು ಕೂಡಲೇ ಹೊರಹಾಕಬೇಕು. ನೀಲಿ ಕಾರ್ಡು ರಸ ಹೀರುವ ಸಣ್ಣ ಕೀಟವಾದ ಥ್ರಿಪ್ಸ್‌ಗೆ. ಹಳದಿ, ನೀಲಿ ಬಟ್ಟೆಗಳಿಗೂ ಈ ಕೀಟಗಳು ಬಂದು ಕೂರುತ್ತವೆ, ಆದ್ದರಿಂದ ಒಳಗೆ ಕೆಲಸ ಮಾಡುವವರು ಆ ಬಣ್ಣದ ಸೀರೆ, ಅಂಗಿ ಬಿಟ್ಟು ಬೇರೆ ಉಟ್ಟರೆ ಒಳ್ಳೆಯದು. ಕೆಲಸವನ್ನು ಎಳೆಯ ನಾರಿನಿಂದ ಶುರು ಮಾಡಿ ಬಲಿತ ನಾರಿನ ಕಡೆ ಹೋಗಬೇಕು. ಬಲಿತದ್ದನ್ನು ಮುಟ್ಟಿದ ಮೇಲೆ ಅದೇ ದಿನ ಎಳೆಯದರ ಹತ್ತಿರ ಬರಬಾರದು. ಬೀಡಿ, ತಂಬಾಕು ಮುಟ್ಟಿದ ಕೈಯಲ್ಲಿ ಟೊಮೆಟೊ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ನಾರು ಮುಟ್ಟುವುದಂತೂ ಕೂಡದು. ತಂಬಾಕಿನ ಮೊಸಾಯಿಕ್ ವೈರಸ್ ಮುಟ್ಟಿದರೆ ಸಾಕು ಹರಡುತ್ತದೆ. ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆಯುವ ನಲ್ಲಿಯೊಂದು ಮೊದಲ ಬಾಗಿಲ ಒಳಗೇ ಇರಬೇಕು.

ಥ್ರಿಪ್ಸ್ ವಿಷಯ ಬೇರೆ, ಇದನ್ನು ತಿಳಿದುಕೊಂಡರೆ ಕಳೆ ಯಾಕೆ ಕೀಳಬೇಕು ಎನ್ನುವುದೂ ಅರ್ಥವಾಗುತ್ತದೆ. ಟೊಮೆಟೊ ಕುಡಿ ಕಂದಿ ಒಣಗಿಸುವ, ಹಣ್ಣಿನ ಮೇಲೆ ಬಳೆಯಂತಹ ಗುರುತು ಮೂಡಿಸುವ ಟೊಸ್ಪೊ ವೈರಸ್ಸನ್ನು ಥ್ರಿಪ್ಸ್ ಹೊತ್ತು ತರುತ್ತದೆ. ಆದರೆ ಬೆಳೆದ ಥ್ರಿಪ್ಸ್ ರೋಗದ ಗಿಡ ಕಚ್ಚಿದ ಮಾತ್ರಕ್ಕೆ ವಾಹಕ ಆಗುವುದಿಲ್ಲ. ಮರಿಯಾಗಿದ್ದಾಗಲೇ ರೋಗದ ಗಿಡದ ರಸ ಹೀರಿರಬೇಕು. ಹಾಗಾದರೆ ಅಪಾಯವಿರುವುದು ಮರಿ ಹುಟ್ಟಿ ಬೆಳೆಯುವ ಜಾಗದಲ್ಲಿ. ಆ ಜಾಗ ಯಾವುದೆಂದರೆ ಬಲೆಯ ಬುಡಕ್ಕೇ ಬೆಳೆದ ಕಳೆ, ಪಕ್ಕದ ಹಳೇ ಟೊಮೆಟೊ ತೋಟ, ನರ್ಸರಿಯ ಹಿಂದೆ ಸುರಿದ ಮಾರಾಟವಾಗದ ನಾರು. ಮರಿಗಳು ಬಲಿತ ಮೇಲೆ ಕೋಶ ಹಂತಕ್ಕೆ ನೆಲಕ್ಕೆ ಇಳಿಯುತ್ತವೆ. ಎಲೆಯೊಳಗೆ ಸುರಂಗ ಕೊರೆಯುವ ರಂಗೋಲಿ ಹುಳು ಕೂಡ ಹಾಗೇ. ಟ್ರೇ ಕೆಳಗಿನ ನೆಲ ಬರೀ ಮಣ್ಣಾಗಿದ್ದರೆ ಔಷಧಿ ಎಲೆಯ ಮೇಲೆ ಹೊಡೆದ ಮೂರು–ನಾಲ್ಕು ದಿನಕ್ಕೆ ಕೆಳಗಿನಿಂದ ಹೊಸ ಸಂತತಿ ಎದ್ದು ಬರುತ್ತದೆ. ‘ಔಷಧಿ ಫೇಲು’ ಎಂದು ಇನ್ನೊಂದು ಡಬ್ಬಿ ತರುವ ಮೊದಲು ನೆಲಕ್ಕೆ ಕಳೆ ತಡೆಯುವ ವೀಡ್‌ ಮ್ಯಾಟ್ ಹಾಸಿ.

ಕಳೆಯಲ್ಲಿ ನಾಲ್ಕು ಹೆಸರು ನೆನಪಿಡಬೇಕು. ಗಣಿಕೆ ಸೊಪ್ಪು ಟೊಮೆಟೊದ ನಂಟನೇ ಆದ್ದರಿಂದ ಬಿಳಿ ನೊಣಕ್ಕೂ ರೋಗಕ್ಕೂ ತಂಗುದಾಣ. ತಿನ್ನುವ ಸೊಪ್ಪೆಂದು ಬಲೆಯ ಪಕ್ಕ ಬಿಟ್ಟುಕೊಂಡವರಿದ್ದಾರೆ, ನರ್ಸರಿಯಿಂದ ದೂರ ಬೆಳೆದುಕೊಳ್ಳಲಿ. ಪಾರ್ಥೇನಿಯಂ ಹೂವಿನಲ್ಲಿ ಥ್ರಿಪ್ಸ್ ತುಂಬಿರುತ್ತವೆ. ಬೇಲಿ ಸಾಲಿನ ತುತ್ತಿ ಗಿಡವೂ ಬಿಳಿ ನೊಣದ ನೆಲೆ. ಇನ್ನು ಕೊನ್ನಾರಿ ಗಡ್ಡೆ. ಅದು ತೆಳು ಪಾಲಿಥೀನ್ ಹಾಳೆಯನ್ನು ಚುಚ್ಚಿಕೊಂಡೇ ಮೇಲೆ ಬರುತ್ತದೆ. ಗಡ್ಡೆ ಸಮೇತ ಅಗೆದು ತೆಗೆದ ಮೇಲೆಯೇ ಮ್ಯಾಟ್ ಹಾಸಬೇಕು. ಬಲೆಯ ಸುತ್ತ ಕನಿಷ್ಠ 10 ಅಡಿ ಜಾಗ ಬೋಳಾಗಿರಲಿ.

ಕಳೆ ಕೀಳುವ ಹೊತ್ತೂ ಮುಖ್ಯ. ಮಧ್ಯಾಹ್ನದ ಬಿಸಿಲಲ್ಲಿ ಕಿತ್ತು ಅಲ್ಲೇ ರಾಶಿ ಹಾಕಿದರೆ ಅದರ ಮೇಲಿನ ನೊಣವೆಲ್ಲ ಎದ್ದು ಹತ್ತಿರದ ಎಳೆ ಹಸಿರಿಗೆ, ಅಂದರೆ ನಿಮ್ಮ ನಾರಿಗೆ, ಹೋಗುತ್ತದೆ. ಬೆಳಗಿನ ಚಳಿಯಲ್ಲಿ, ಕೀಟ ಚುರುಕಾಗುವ ಮೊದಲು, ಹೂ ಬಿಡುವುದಕ್ಕೂ ಮೊದಲೇ ಕಿತ್ತು ನೇರ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಕಪ್ಪು ಪಾಲಿಥೀನ್ ಚೀಲವನ್ನು ಬಿಸಿಲಲ್ಲಿ ಕೆಲ ದಿನ ಇಟ್ಟರೆ ಒಳಗಿನದೆಲ್ಲ ಬೆಂದು ಹೋಗುತ್ತದೆ.

ಕಳೆನಾಶಕದ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ರಾಗಿ ಹೊಲದ ಅಗಲ ಎಲೆ ಕಳೆಗೆ 2,4-ಡಿ ಹೊಡೆಯುತ್ತಾರೆ. ಟೊಮೆಟೊಗೆ ಇದರ ಆವಿ, ಹನಿ ಸ್ವಲ್ಪ ತಾಗಿದರೂ ಸಾಕು, ಹೊಸ ಎಲೆ ದಾರದಂತೆ ಸಪೂರವಾಗಿ ಸೊಟ್ಟಗಾಗುತ್ತದೆ, ಎಲೆ ತೊಟ್ಟು ಕೆಳಕ್ಕೆ ಬಾಗುತ್ತದೆ. ನೋಡಿದವರು ವೈರಸ್ ಎಂದೇ ಹೇಳುತ್ತಾರೆ. ವ್ಯತ್ಯಾಸ ಗುರುತಿಸುವುದು ಹೀಗೆ: ವೈರಸ್ ಬರುವುದು ಬಿಡಿಬಿಡಿಯಾಗಿ, ಅಲ್ಲೊಂದು ಇಲ್ಲೊಂದು ಗಿಡಕ್ಕೆ. 2,4-ಡಿ ತಾಗಿದ್ದರೆ ಗಾಳಿ ಬೀಸಿದ ಬದಿಯ ಸಾಲು ಸಾಲು ಟ್ರೇಗಳು ಒಂದೇ ಸಲಕ್ಕೆ ಸೊಟ್ಟಗಾಗಿರುತ್ತವೆ. ಕಳೆನಾಶಕ ಹೊಡೆದ ಸ್ಪ್ರೇಯರನ್ನು ತೊಳೆದು ನಾರಿಗೆ ಬಳಸುವುದು ಅದಕ್ಕಿಂತಲೂ ದೊಡ್ಡ ಅಪಾಯ. ಪೈಪು, ವಾಷರ್‌ಗಳಲ್ಲಿ ಉಳಿದ ಅಂಶ ನೀರಿನಲ್ಲಿ ಎರಡು ಸಲ ಜಾಲಾಡಿಸಿದರೆ ಹೋಗುವುದಿಲ್ಲ. ಕಳೆನಾಶಕಕ್ಕೆ ಬೇರೆ ಕ್ಯಾನ್ ಇಟ್ಟು, ಅದಕ್ಕೆ ಕೆಂಪು ಬಣ್ಣ ಬಳಿದು, ನರ್ಸರಿಯ ಹೊರಗೇ ಇರಿಸಿ.

ಈಗ ನೀರು. ನರ್ಸರಿಯ ಬಹುಪಾಲು ಕಾಯಿಲೆಗೆ ಮೂಲ ಇಲ್ಲೇ ಇದೆ, ಆದರೆ ನೀರಿಗೆ ಕೊಡುವಷ್ಟು ಕಡಿಮೆ ಗಮನ ಇನ್ಯಾವುದಕ್ಕೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಬೈಕಾರ್ಬೊನೇಟ್ ಹೆಚ್ಚು. ತೋಟದ ಮಣ್ಣು ಅದನ್ನು ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ. ಟ್ರೇಯ ಗುಳಿಯಲ್ಲಿರುವ ಹಿಡಿಯಷ್ಟೂ ಇಲ್ಲದ ಕೋಕೋಪಿಟ್ (ತೆಂಗಿನ ಸಿಪ್ಪೆಯ ಪುಡಿ) ತಡೆದುಕೊಳ್ಳುವುದಿಲ್ಲ. ದಿನಾ ಅದೇ ನೀರು ಹಾಯಿಸಿದರೆ ಎರಡು ವಾರದಲ್ಲಿ ಬೇರಿನ ಸುತ್ತ ಪಿಎಚ್, ಅಂದರೆ ಕ್ಷಾರದ ಮಟ್ಟ, ಏರುತ್ತದೆ, ಕಬ್ಬಿಣ ಸಿಗದೆ ಹೊಸ ಎಲೆ ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತದೆ. ಗೊಬ್ಬರ ಸಾಲದು ಎಂದುಕೊಂಡು 19:19:19 ಇನ್ನಷ್ಟು ಸುರಿದರೆ ಲವಣ ಹೆಚ್ಚಿ ಬೇರಿನ ತುದಿ ಸುಡುತ್ತದೆ, ಸುಟ್ಟ ಬೇರಿಗೆ ಶಿಲೀಂಧ್ರ ಹತ್ತುತ್ತದೆ. ಕೊನೆಗೆ ‘ಕೊಳೆ ರೋಗ’ ಎಂದು ಬೇರೆ ಔಷಧಿ. ಇಷ್ಟೂ ಶುರುವಾದದ್ದು ನೀರಿನಿಂದ.

ನೀರು ಪರೀಕ್ಷೆಗೆ ಕೊಡುವಾಗ ಪಿಎಚ್, ಇಸಿ (ಕರಗಿದ ಲವಣದ ಅಳತೆ) ಮಾತ್ರ ಸಾಲದು, ಬೈಕಾರ್ಬೊನೇಟ್ ಎಷ್ಟೆಂದು ಬರೆದುಕೊಡಿ ಎಂದು ಕೇಳಿ. ನಾರಿಗೆ ಇಸಿ 0.75 ಒಳಗಿದ್ದರೆ ಉತ್ತಮ, 1.5 ದಾಟಿದರೆ ಆ ನೀರಿನಲ್ಲಿ ನಾರು ಬೆಳೆಸುವುದೇ ಕಷ್ಟ, ಮಳೆ ನೀರು ಬೆರೆಸಬೇಕಾಗುತ್ತದೆ. ಲೀಟರಿಗೆ 305 ಮಿಲಿಗ್ರಾಂ ಬೈಕಾರ್ಬೊನೇಟ್ ಇದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 61 ಉಳಿಸಿ ಮಿಕ್ಕದ್ದನ್ನು ಇಳಿಸಲು 1,000 ಲೀಟರಿಗೆ ಶೇ 68ರ ನೈಟ್ರಿಕ್ ಆಮ್ಲ ಸುಮಾರು 265 ಮಿ.ಲೀ. ಬೇಕು. ಇದರಿಂದ 56 ಪಿಪಿಎಂ (ಲೀಟರಿಗೆ 56 ಮಿಲಿಗ್ರಾಂ) ಸಾರಜನಕವೂ ಸೇರುತ್ತದೆ, ಅಷ್ಟನ್ನು ಗೊಬ್ಬರದಲ್ಲಿ ಕಡಿಮೆ ಮಾಡಬೇಕು. ಅದೇ ಕೆಲಸಕ್ಕೆ ಶೇ 85ರ ಫಾಸ್ಫರಿಕ್ ಆಮ್ಲವಾದರೆ ಸುಮಾರು 270 ಮಿ.ಲೀ. ಆಗುತ್ತದೆ, ಆದರೆ 124 ಪಿಪಿಎಂ ರಂಜಕ ಸೇರಿಬಿಡುತ್ತದೆ. ಎಳೆ ನಾರಿಗೆ ಅದು ಅತಿಯಾಯಿತು, ಗಿಡ ಉದ್ದುದ್ದ ಏರುತ್ತದೆ. ಆದ್ದರಿಂದ ಫಾಸ್ಫರಿಕ್ ಒಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಮೊದಲು ಒಂದು ಬಕೆಟ್ ನೀರಿನಲ್ಲಿ ಪ್ರಯೋಗ ಮಾಡಿ, ಪಿಎಚ್ 6ರಿಂದ 6.5ರ ನಡುವೆ ನಿಂತ ಮೇಲೆ ಇಡೀ ನೀರಿನ ತೊಟ್ಟಿಗೆ ಲೆಕ್ಕ ಹಾಕಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಎಂದಿಗೂ ಹಾಕಬಾರದು. ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಕ್ಯಾನಿನ ಮುಚ್ಚಳ ತೆರೆಯಬಾರದು.

ಕೋಕೋಪಿಟ್‌ನಲ್ಲೂ ಲವಣ ಇರುತ್ತದೆ. ತೆಂಗಿನ ಸಿಪ್ಪೆ ಕೊಳೆಯಿಸಲು ಉಪ್ಪುನೀರು ಬಳಸಿದ ಕಡೆಯಿಂದ ಬಂದ ಕೋಕೋಪಿಟ್ ಇಟ್ಟಿಗೆಯಲ್ಲಿ ಸೋಡಿಯಂ ಜಾಸ್ತಿ. ನೆನೆಸಿ ಹಿಂಡಿದ ನೀರಿನ ಇಸಿ ಅಳೆದು, ಇಳಿಯುವವರೆಗೂ ತೊಳೆಯಬೇಕು. ಕೊನೆಯ ತೊಳೆತಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣ ಬಳಸಿದರೆ ಪಿಟ್ ಹಿಡಿದಿಟ್ಟುಕೊಂಡ ಸೋಡಿಯಂ ಬಿಟ್ಟುಹೋಗುತ್ತದೆ. ಬರೀ ನೀರಿನಲ್ಲಿ ತೊಳೆದರೆ ಅದು ಪೂರ್ತಿ ಹೋಗುವುದಿಲ್ಲ. 98 ಗುಳಿಯ ಒಂದು ಟ್ರೇಗೆ ಸುಮಾರು 1.2 ಕೆ.ಜಿ. ತೇವದ ಪಿಟ್ ಹಿಡಿಯುತ್ತದೆ. ತುಂಬುವಾಗ ಒತ್ತಿ ತುರುಕಬಾರದು. ಬೇರಿಗೆ ಗಾಳಿ ಬೇಕು.

ಎಷ್ಟು ನೀರು ಎನ್ನುವುದಕ್ಕೆ ಗಡಿಯಾರ ನೋಡುವುದಕ್ಕಿಂತ ಟ್ರೇ ಎತ್ತಿ ನೋಡುವುದು ಒಳ್ಳೆಯ ಅಳತೆ. ನೀರು ಹಾಯಿಸಿ ಹನಿ ನಿಂತ ಮೇಲೆ ಒಂದು ಟ್ರೇ ತೂಗಿ. ಆ ತೂಕದಲ್ಲಿ ಮೂರರಲ್ಲಿ ಒಂದು ಭಾಗ ಇಳಿದಾಗ ಮತ್ತೆ ನೀರು. ಕೆಲವೇ ದಿನಗಳಲ್ಲಿ ಕೈಗೇ ಅಂದಾಜು ಸಿಗುತ್ತದೆ. ಅಂಚಿನ ಗುಳಿಗಳು ಬೇಗ ಒಣಗುತ್ತವೆ. ಅವುಗಳಿಗಾಗಿ ಇಡೀ ಟ್ರೇಗೆ ನೀರು ಸುರಿದರೆ ನಡುವಿನವು ಕೊಳೆಯುತ್ತವೆ. ಅಂಚಿಗೆ ಮಾತ್ರ ಶವರ್‌ನಲ್ಲಿ ಒಂದು ಸುತ್ತು ಬನ್ನಿ, ಎರಡು ದಿನಕ್ಕೊಮ್ಮೆ ಟ್ರೇ ಜಾಗ ಬದಲಿಸಿ. ನೀರು ಬೆಳಿಗ್ಗೆಯೇ ಕೊಡಬೇಕು, ಸಂಜೆ ಹೊತ್ತಿಗೆ ಎಲೆ ಒಣಗಿರಬೇಕು. ರಾತ್ರಿಯಿಡೀ ಒದ್ದೆಯಾಗಿರುವ ಎಲೆಗೆ ಅಂಗಮಾರಿ ಬರಲು ಬೇರೇನೂ ಬೇಕಿಲ್ಲ. ವಾರಕ್ಕೊಮ್ಮೆ ಸ್ವಲ್ಪ ಹೆಚ್ಚು ನೀರು ಕೊಟ್ಟು ಕೆಳಗೆ ಸೋರಿದ್ದನ್ನು ಹಿಡಿದು ಇಸಿ ಅಳೆಯಿರಿ. ಒಳಗೆ ಹೋದ ನೀರಿಗಿಂತ ಎರಡು ಪಟ್ಟು ಮೀರಿದ್ದರೆ ಲವಣ ಕಟ್ಟಿಕೊಳ್ಳುತ್ತಿದೆ, ಬರೀ ನೀರಿನಲ್ಲಿ ತೊಳೆಯಬೇಕು. ಪಿಟ್ ಮೇಲೆ ಹಸಿರು ಪಾಚಿ ಕಂಡರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ಆ ಪಾಚಿಯಲ್ಲಿ ಸಣ್ಣ ಕಪ್ಪು ನೊಣ ಮೊಟ್ಟೆಯಿಡುತ್ತದೆ, ಅದರ ಹುಳು ಬೇರು ಕಡಿಯುತ್ತದೆ.

ಟ್ರೇಗಳನ್ನು ನೆಲದ ಮೇಲೆ ಇಡಲೇಬಾರದು. ಕೆಳಗಿನ ತೂತಿನಿಂದ ಬೇರು ಮಣ್ಣಿಗಿಳಿದರೆ ಸೊರಗು ರೋಗದ ಬ್ಯಾಕ್ಟೀರಿಯಾ ಅಲ್ಲಿಂದಲೇ ಹತ್ತುತ್ತದೆ, ಟ್ರೇ ಎತ್ತುವಾಗ ಬೇರು ಹರಿದು ಗಾಯವೂ ಆಗುತ್ತದೆ. ಎರಡರಿಂದ ಮೂರು ಅಡಿ ಎತ್ತರದ ಪೈಪಿನ ಮೇಜಿನ ಮೇಲಿದ್ದರೆ ತೂತಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ ನಿಂತು, ಗುಳಿಯೊಳಗೇ ಹೊಸ ಬೇರು ಒಡೆಯುತ್ತದೆ.

ಕೃಷಿ ಹೊಂಡ, ಕೆರೆ ನೀರಿನ ಬಗ್ಗೆಯೂ ಹೇಳಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಎರಡು ಹಂತದಲ್ಲಿ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ತುಂಬಲು ಬಂದ ನೀರು. ಪಂಪ್ ಇಟ್ಟು ನೇರವಾಗಿ ನಾರಿಗೆ ಹಾಯಿಸುವುದು ಸರಿಯಲ್ಲ. ಟೊಮೆಟೊ ತೋಟದ ಮೇಲೆ ಹರಿದು ಹೊಂಡಕ್ಕೆ ಬಿದ್ದ ಮಳೆ ನೀರಿನಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ, ಸಸಿ ಬುಡ ಕೊಳೆಸುವ ಪೈಥಿಯಂ ಎರಡೂ ಇರಬಹುದು. ಬೇರೆ ದಾರಿಯಿಲ್ಲದಿದ್ದರೆ ಸೋಸಿ, ಬ್ಲೀಚಿಂಗ್ ಪೌಡರ್ ಹಾಕಬೇಕು. ಹೊಸ ಪೌಡರಿನಲ್ಲಿ ಕ್ಲೋರಿನ್ ಶೇ 30ರಷ್ಟಿದ್ದರೆ 1,000 ಲೀಟರಿಗೆ 10 ಗ್ರಾಂ, ಅಂದರೆ 3 ಪಿಪಿಎಂ. ಕನಿಷ್ಠ ಅರ್ಧ ಗಂಟೆ ಬಿಡಿ. ಕೆಸರು ನೀರು ಕ್ಲೋರಿನ್ನನ್ನು ನುಂಗಿಬಿಡುತ್ತದೆ, ಬಾಯಿ ತೆರೆದಿಟ್ಟ ಚೀಲದ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ. ಕ್ಲೋರಿನ್ ಹಾಕಿದ ನೀರಿನಲ್ಲಿ ರೋಗ ತಡೆಯುವ ಟ್ರೈಕೊಡರ್ಮಾ ಶಿಲೀಂಧ್ರ ಕಲಸಿದರೆ ಅದೂ ಸಾಯುತ್ತದೆ. ಬ್ಲೀಚಿಂಗ್ ಜೊತೆ ಆಮ್ಲ ಬೆರೆಸಿದರೆ ವಿಷಾನಿಲ ಬರುತ್ತದೆ, ಒಂದೇ ಪಾತ್ರೆಯಲ್ಲಿ ಎರಡನ್ನೂ ಅಳೆಯಲೂ ಬೇಡಿ.

ವಾಪಸ್ ಬಂದ ಟ್ರೇಗಳ ಮೇಲೆ ಹತ್ತು ತೋಟಗಳ ಮಣ್ಣು ಇರುತ್ತದೆ. ಬಲೆಯ ಹೊರಗೇ ಉಜ್ಜಿ ತೊಳೆದು, ಮಣ್ಣು ಪೂರ್ತಿ ಹೋದ ಮೇಲೆ, ಶೇ 5ರ ಹೈಪೋಕ್ಲೋರೈಟ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ಮುಳುಗಿಸಿ, ಮತ್ತೆ ತೊಳೆದು ಬಿಸಿಲಿಗೆ ಒಣಗಿಸಬೇಕು. ಮಣ್ಣು ಮೆತ್ತಿದ ಟ್ರೇ ಅದ್ದಿದರೆ ಆ ದ್ರಾವಣ ಸ್ವಲ್ಪ ಹೊತ್ತಿಗೆ ಬರೀ ನೀರಾಗುತ್ತದೆ.

ಸಸಿ ಬುಡ ಕೊಳೆತು ಬೀಳುವ ರೋಗಕ್ಕೆ ಎಲ್ಲರೂ ಕೈಹಾಕುವುದು ಕಾರ್ಬೆಂಡಜಿಮ್ ಪೊಟ್ಟಣಕ್ಕೆ. ಬುಡ ನೀರು ತುಂಬಿದಂತೆ ಮೆತ್ತಗಾಗಿ, ಬೇರನ್ನು ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿದರೆ ಅದು ಪೈಥಿಯಂ. ಅದರ ಮೇಲೆ ಕಾರ್ಬೆಂಡಜಿಮ್ ಕೆಲಸವೇ ಮಾಡುವುದಿಲ್ಲ. ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ, ಇಲ್ಲವೇ ಕಾಪರ್ ಆಕ್ಸಿಕ್ಲೋರೈಡ್ 3 ಗ್ರಾಂ ಬುಡ ನೆನೆಯುವಂತೆ ಹಾಕಬೇಕು. ಬುಡ ಒಣಗಿ ಕಂದು ಬಣ್ಣಕ್ಕೆ ತಿರುಗಿ ಸಪೂರವಾಗಿದ್ದರೆ ರೈಜೊಕ್ಟೋನಿಯಾ ಶಿಲೀಂಧ್ರ, ಅದಕ್ಕೆ ಕಾರ್ಬೆಂಡಜಿಮ್ ನಡೆಯುತ್ತದೆ. ಎರಡಕ್ಕೂ ಮೊದಲ ಚಿಕಿತ್ಸೆ ನೀರು ಕಡಿಮೆ ಮಾಡುವುದು. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಪಾಲಿಥೀನ್ ಹೊದಿಸಿಟ್ಟಾಗ ಮೂರನೇ ದಿನದಿಂದಲೇ ತೆಗೆದು ನೋಡುತ್ತಿರಬೇಕು. ಬೇಸಿಗೆಯಲ್ಲಿ ಬೇಗ ಮೊಳೆಯುತ್ತದೆ, ಡಿಸೆಂಬರ್–ಜನವರಿ ಚಳಿಯಲ್ಲಿ ಆರು ದಿನವೂ ಆಗಬಹುದು. ಮೊಳಕೆ ಬಂದ ಮೇಲೆ ಒಂದು ದಿನ ತಡವಾದರೂ ಕಾಂಡ ಬಿಳಿಚಿಕೊಂಡು ಉದ್ದವಾಗುತ್ತದೆ, ಬುಡ ಕೊಳೆಗೆ ಮೊದಲು ಬಲಿಯಾಗುವುದು ಅಂಥ ನಾರೇ. 19:19:19 ಲೀಟರಿಗೆ 3 ಗ್ರಾಂನಂತೆ ಬಿತ್ತಿದ 12ನೇ ದಿನ, 20ನೇ ದಿನ ಎರಡು ಸಲ ಸಾಕು.

ನೀರಿನ ಪಿಎಚ್ ಔಷಧಿಯನ್ನೂ ಕೆಡಿಸುತ್ತದೆ. ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕ ಪಿಎಚ್ 5ರ ನೀರಿನಲ್ಲಿ ಅರ್ಧದಷ್ಟು ಒಡೆದು ನಿಷ್ಫಲವಾಗಲು 32 ಗಂಟೆ ಬೇಕು, ಪಿಎಚ್ 7ರಲ್ಲಿ 8 ಗಂಟೆ, ಪಿಎಚ್ 8ರಲ್ಲಿ ಹತ್ತೇ ನಿಮಿಷ. ಬೋರ್‌ವೆಲ್ ನೀರಿನಲ್ಲಿ ಕಲಸಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಡ್ರಮ್ಮಿನಲ್ಲಿ ಔಷಧಿಯ ಬಲ ಅರ್ಧವೂ ಉಳಿದಿರುವುದಿಲ್ಲ.

ಕೊನೆಯದಾಗಿ ಚೀಟಿಯ ವಿಷಯ. ಬಿಳಿ ನೊಣಕ್ಕೆ ಹೊಡೆಯುವ ಇಮಿಡಾಕ್ಲೊಪ್ರಿಡ್, ಥಯಾಮೆಥಾಕ್ಸಮ್, ಅಸಿಟಾಮಿಪ್ರಿಡ್ ಮೂರೂ ಒಂದೇ ಗುಂಪಿನವು, ಕೀಟದ ನರದ ಮೇಲೆ ಒಂದೇ ಕಡೆ ಕೆಲಸ ಮಾಡುತ್ತವೆ. ಡಬ್ಬಿಯ ಮೇಲೆ ಬ್ರಾಂಡ್ ಹೆಸರು ದೊಡ್ಡದಾಗಿಯೂ ತಾಂತ್ರಿಕ ಹೆಸರು ಸಣ್ಣದಾಗಿಯೂ ಇರುವುದರಿಂದ ಮೂರು ಡಬ್ಬಿ ಬದಲಿಸಿದವರು ಮೂರು ಔಷಧಿ ಬದಲಿಸಿದೆವು ಎಂದೇ ತಿಳಿಯುತ್ತಾರೆ. ನಾರು ಕಳಿಸುವ ಮೊದಲು ಇಮಿಡಾಕ್ಲೊಪ್ರಿಡ್ 17.8 ಎಸ್‌ಎಲ್ ಲೀಟರಿಗೆ 0.3 ಮಿ.ಲೀ.ನಂತೆ ಕೊಡುವುದು ರೂಢಿ. ವೈರಸ್ ಹೊತ್ತ ನೊಣ ಸಾಯುವ ಮೊದಲೇ ಕಚ್ಚಿರುತ್ತದೆ, ಹಾಗಾಗಿ ಇದು ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಗಿಡದ ಮೇಲೆ ನೊಣ ಮರಿ ಮಾಡುವುದನ್ನು ತಡೆಯುತ್ತದೆ, ಅಷ್ಟು ಮಟ್ಟಿಗೆ ಉಪಯೋಗ. ಆದರೆ ನರ್ಸರಿಯಲ್ಲಿ ಕೊಟ್ಟದ್ದು ತಿಳಿಯದೆ ರೈತರು ನಾಟಿಯಾದ ವಾರಕ್ಕೆ ಥಯಾಮೆಥಾಕ್ಸಮ್, ಮತ್ತೊಂದು ವಾರಕ್ಕೆ ಅಸಿಟಾಮಿಪ್ರಿಡ್ ಹೊಡೆದರೆ ಒಂದೇ ಗುಂಪಿನ ಏಟು ಮೂರು ಸಲ ಬಿತ್ತು. ಬದುಕುಳಿಯುವುದು ಆ ಗುಂಪಿಗೆ ಬಗ್ಗದ ನೊಣ ಮಾತ್ರ. ತೋಟಕ್ಕೆ ಹೋದ ಮೇಲೆ ಮೊದಲ ಔಷಧಿ ಸ್ಪೈರೊಮೆಸಿಫೆನ್, ಡಯಾಫೆನ್‌ಥಿಯುರಾನ್, ಸಯಾಂಟ್ರಾನಿಲಿಪ್ರೋಲ್‌ನಂತಹ ಬೇರೆ ಗುಂಪಿನದಾಗಿರಬೇಕು. ಅದು ಸಾಧ್ಯವಾಗಬೇಕಾದರೆ ನರ್ಸರಿಯಲ್ಲಿ ಏನು ಕೊಟ್ಟಿದ್ದಾರೆಂದು ರೈತರಿಗೆ ಗೊತ್ತಿರಬೇಕು.

ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸಿನ ಬೆಲೆ ಬಿದ್ದಾಗ ಬುಕ್ ಮಾಡಿದವರೂ ನಾರು ಒಯ್ಯುವುದಿಲ್ಲ. ಟ್ರೇಗಳು 35–40 ದಿನ ನಿಲ್ಲುತ್ತವೆ. ಬೇರು ಗುಳಿಯೊಳಗೆ ಸುತ್ತಿಕೊಳ್ಳುತ್ತದೆ, ಕೆಲವರು ಪ್ಯಾಕ್ಲೋಬ್ಯುಟ್ರಜಾಲ್‌ನಂತಹ ಬೆಳವಣಿಗೆ ತಡೆಯುವ ರಾಸಾಯನಿಕ ಹಾಕಿ ಗಿಡ ಕುಳ್ಳಗೆ ಉಳಿಸುತ್ತಾರೆ. ಅದರ ಪ್ರಭಾವ ತೋಟದಲ್ಲೂ ಮುಂದುವರಿದು ಗಿಡ ಏಳುವುದೇ ಇಲ್ಲ. ನಾರಿನ ವಯಸ್ಸು ಎತ್ತರದಿಂದ ತಿಳಿಯುವುದಿಲ್ಲ, ಬಿತ್ತಿದ ದಿನಾಂಕದಿಂದಲೇ ತಿಳಿಯಬೇಕು. ಕೊಳ್ಳುವವರು ಟ್ರೇಯ ನಡುವಿನ ಒಂದು ನಾರನ್ನು ಎಳೆದು ನೋಡಲಿ. ಬೇರು ಬಿಳಿಯಾಗಿ ಪಿಟ್ಟನ್ನು ಹಿಡಿದುಕೊಂಡಿರಬೇಕು, ಕಂದು ಬಣ್ಣದ ಸುರುಳಿಯಾಗಿರಬಾರದು. ನರ್ಸರಿಯವರು ಮಾರದೆ ಉಳಿದದ್ದನ್ನು ಹಿತ್ತಲಿಗೆ ಸುರಿಯದೆ ಎರಡು ಅಡಿ ಗುಂಡಿಯಲ್ಲಿ ಹೂಳಲಿ.

1966ರ ಬೀಜ ಕಾಯ್ದೆಯಲ್ಲಿ ಬೀಜ ಎಂಬುದರ ವ್ಯಾಖ್ಯೆಗೆ ಆಹಾರ ಬೆಳೆಗಳ ಸಸಿಗಳೂ ಸೇರುತ್ತವೆ. ಬೀಜದ ಪೊಟ್ಟಣದ ಮೇಲೆ ತಳಿ, ಲಾಟ್ ನಂಬರು, ದಿನಾಂಕ ಕೇಳುವ ನಾವು ಅದೇ ಬೀಜ ನಾರಾಗಿ ಬಂದಾಗ ಬಿಳಿ ಹಾಳೆಯ ಬಿಲ್ಲಿಗೆ ತೃಪ್ತರಾಗಬಾರದು. ತೋಟಗಾರಿಕೆ ಇಲಾಖೆಯವರು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ನರ್ಸರಿಗಳಿಗೆ ಒಂದೇ ನಮೂನೆಯ ಚೀಟಿ ಗೊತ್ತುಮಾಡಲಿ. ಅದರಲ್ಲಿ ತಳಿ, ಬೀಜದ ಲಾಟ್ ನಂಬರು, ಬಿತ್ತಿದ ದಿನಾಂಕ, ಕೊಟ್ಟ ಪ್ರತಿ ಔಷಧಿಯ ತಾಂತ್ರಿಕ ಹೆಸರು, ಪ್ರಮಾಣ, ದಿನಾಂಕ, ಬೆಳವಣಿಗೆ ತಡೆಯುವ ರಾಸಾಯನಿಕ ಬಳಸಿದ್ದರೆ ಅದರ ಹೆಸರು ಇರಲಿ. ಚೀಟಿ ಕನ್ನಡದಲ್ಲಿರಲಿ. ಮದನಪಲ್ಲಿ, ಪಲಮನೇರು ಕಡೆಗೂ ಇಲ್ಲಿಂದ ನಾರು ಹೋಗುವುದರಿಂದ ಹಿಂಬದಿ ತೆಲುಗಿನಲ್ಲೂ ಇರಲಿ. ಕೋಲಾರ ಬಳಿಯ ಟಮಕದ ತೋಟಗಾರಿಕೆ ಮಹಾವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರದವರು ಬೇಸಿಗೆ ನಾಟಿಗೆ ಮುಂಚೆ, ಡಿಸೆಂಬರ್ ಹೊತ್ತಿಗೇ, ನರ್ಸರಿಗಳ ನೀರನ್ನು ಬೈಕಾರ್ಬೊನೇಟ್ ಸಹಿತ ಪರೀಕ್ಷಿಸಿ, ಯಾವ ನೀರಿಗೆ ಎಷ್ಟು ಆಮ್ಲ ಎಂದು ಬರೆದುಕೊಡುವ ಏರ್ಪಾಡು ಮಾಡಬೇಕೆಂದು ಕೋರುತ್ತೇವೆ.

— ತರಕಾರಿ ನರ್ಸರಿ ಕೆಲಸಗಾರರು,
ಕೋಲಾರ ತಾಲ್ಲೂಕು